ಪೂಜೆಗಿಟ್ಟ ಪುಸ್ತಕಗಳು

ಸೇವಂತಿಗೆಯ ವಾಸನೆ ಬಂದರೆ ಎಲ್ಲರಿಗೂ ಹಬ್ಬ ನೆನಪಾಗುತ್ತದೆ, ನನಗೆ ಸಿಟ್ಟು ಬರುತ್ತದೆ. ಅದರ ಜೊತೆಗೆ ಆರಿದ ಕರ್ಪೂರ, ಕುಂಕುಮ ಮೆತ್ತಿದ ಪುಸ್ತಕದ ರಟ್ಟು, ಈ ಮೂರರ ವಾಸನೆಯೂ ಸೇರಿಬಿಟ್ಟರೆ ಮುಗಿಯಿತು. ನಾನು ಮತ್ತೆ ಪಿಯುಸಿ ಹುಡುಗಿಯಾಗಿ, ಯಲಹಂಕದ ಹತ್ತಿರದ ಸಿಂಗಾಪುರದಲ್ಲಿ ಚಿಕ್ಕಮ್ಮನ ದೇವರಮನೆಯ ಮುಂದೆ ಬರಿಗೈಯಲ್ಲಿ ನಿಂತಿರುತ್ತೇನೆ. ಈ ದಸರಾಕ್ಕೆ ಅದೇ ದೇವರಮನೆಗೆ ನನ್ನನ್ನು ಕರೆದರು. ಕರೆದದ್ದು ಸ್ವತಃ ಚಿಕ್ಕಮ್ಮ.

"ಬಂಗಾರಿ, ನಮ್ಮ ಸಿಂಚನಾನ ಮಗೂಗೆ ಅಕ್ಷರಾಭ್ಯಾಸ ಇಟ್ಕೊಂಡಿದೀವಿ, ಸರಸ್ವತಿ ಪೂಜೆ ದಿನಾನೇ. ನೀನೇ ಕೈ ಹಿಡಿದು ಬರೆಸ್ಬೇಕು ಕಣಮ್ಮ. ನಮ್ಮ ಮನೆತನದಲ್ಲಿ ನಿನ್ನಷ್ಟು ಓದಿರೋರು ಇನ್ಯಾರಿದಾರೆ ಹೇಳು?" ಎಂದರು ಫೋನಿನಲ್ಲಿ.

ನಾನಾಗ ಯಲಹಂಕದ ಆಚೆಯ ಪಶು ಆಸ್ಪತ್ರೆಯಲ್ಲಿ ಒಂದು ಹಸುವಿನ ತಪಾಸಣೆ ಮುಗಿಸಿ ಮೊಣಕೈವರೆಗೆ ಸೋಪು ಹಚ್ಚಿಕೊಂಡು ನಿಂತಿದ್ದೆ. ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು, "ಬರ್ತೀನಿ ಚಿಕ್ಕಮ್ಮ" ಎಂದೆ. ಅಷ್ಟು ಬೇಗ ಒಪ್ಪಿದ್ದಕ್ಕೆ ಅವರಿಗೆ ಅನುಮಾನ ಬರಬೇಕಿತ್ತು. ಬರಲಿಲ್ಲ. ಮಾಡಿದವರು ಮರೆತಿರುತ್ತಾರೆ, ಮಾಡಿಸಿಕೊಂಡವರಿಗೆ ಆ ಭಾಗ್ಯ ಇಲ್ಲ.

ನಮ್ಮದು ಕೊಡಿಗೇಹಳ್ಳಿಯ ಹಳೇ ಮನೆ. ಹಿಂದೆ ರಾಗಿ, ಅವರೆ ಬೆಳೆಯುತ್ತಿದ್ದ ಜನ. ಏರ್‌ಪೋರ್ಟ್ ರಸ್ತೆ ಬರುವ ಮೊದಲೇ ಅಪ್ಪ ತನ್ನ ಪಾಲಿನ ಹೊಲ ಮಾರಿದ್ದರು, ಚಿಕ್ಕಪ್ಪ ರಸ್ತೆ ಬಂದ ಮೇಲೆ ಮಾರಿದರು. ಅಣ್ಣತಮ್ಮಂದಿರ ಬುದ್ಧಿವಂತಿಕೆಯಲ್ಲಿ ಇದ್ದ ವ್ಯತ್ಯಾಸ ಇಷ್ಟೇ, ಆದರೆ ಅದರಿಂದ ಚಿಕ್ಕಪ್ಪ ಬಿಲ್ಡರ್ ಆದರು, ಅಪ್ಪ ಅವರ ಸೈಟುಗಳಲ್ಲಿ ಸಿಮೆಂಟು ಕಬ್ಬಿಣ ಕಾಯುವ ಮೇಸ್ತ್ರಿಯಾದರು. ಚಿಕ್ಕಪ್ಪ ಸಿಂಗಾಪುರದ ಲೇಔಟಿನಲ್ಲಿ ಮೂರಂತಸ್ತಿನ ಮನೆ ಕಟ್ಟಿಸಿ, ದೇವರಮನೆಗೆ ಬಿಳಿ ಕಲ್ಲು ಹಾಸಿಸಿ, ಅಜ್ಜಿಯನ್ನು ಕರೆದುಕೊಂಡು ಹೋದರು. ಅಜ್ಜಿ ಇದ್ದಲ್ಲಿ ಮನೆದೇವರು. ಹಾಗಾಗಿ ಹಬ್ಬಗಳೆಲ್ಲ ಅಲ್ಲಿಗೆ ಹೋದವು, ನಾವು ಹಬ್ಬಕ್ಕೆ ಹೋಗಿ ಬರುವವರಾದೆವು.

ಸಿಂಚನಾ ಚಿಕ್ಕಪ್ಪನ ಮಗಳು. ನಾವಿಬ್ಬರೂ ಒಂದೇ ವರ್ಷದವರು. ಅವಳು ಹೆಬ್ಬಾಳದ ಹತ್ತಿರ ಹವಾನಿಯಂತ್ರಿತ ಬಸ್ಸಿನ ಕಾಲೇಜಿಗೆ, ನಾನು ಯಲಹಂಕದ ಸರ್ಕಾರಿ ಕಾಲೇಜಿಗೆ. ಅವಳು ಕೆಟ್ಟವಳೇನಲ್ಲ, ಆದರೆ ಅಮ್ಮ ಹೇಳಿದ ಕಡೆ ತಲೆಯಾಡಿಸುವ ಹುಡುಗಿ. ಚಿಕ್ಕಮ್ಮನಿಗೆ ಇದ್ದದ್ದು ಒಂದೇ ಕೊರಗು. ಎಸ್ಸೆಸ್ಸೆಲ್ಸಿಯಲ್ಲಿ ನನಗೆ ಅವಳಿಗಿಂತ ಹೆಚ್ಚು ಅಂಕ ಬಂದಿತ್ತು. ಮೇಸ್ತ್ರಿಯ ಮಗಳು ಮುಂದೆ, ಮಾಲೀಕನ ಮಗಳು ಹಿಂದೆ ಆದದ್ದು ಅವರ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಸಿಕ್ಕಿಕೊಂಡಿತ್ತು.

ಎರಡನೇ ಪಿಯುಸಿಯ ಆ ವರ್ಷ ಮಳೆ ಬಿಡಲೇ ಇಲ್ಲ. ಗಣೇಶನ ಹಬ್ಬಕ್ಕೆ ಹಿಡಿದದ್ದು ಪಿತೃಪಕ್ಷ ಕಳೆದರೂ ದಿನಾ ಸಂಜೆ ತಪ್ಪದೆ ಸುರಿಯುತ್ತಿತ್ತು. ಕೊಡಿಗೇಹಳ್ಳಿಯ ಅಂಡರ್‌ಪಾಸಿನಲ್ಲಿ ನೀರು ನಿಂತು, ಸರ್ವಿಸ್ ರಸ್ತೆಯುದ್ದಕ್ಕೂ ಬಸ್ಸು ಸಾಲುಗಟ್ಟಿ, ನಾನು ಕೈಬೆರಳಿಗೆ ಚಪ್ಪಲಿ ಸಿಕ್ಕಿಸಿಕೊಂಡು ಕೆಸರಲ್ಲಿ ನಡೆದು ಮನೆ ಸೇರುತ್ತಿದ್ದೆ. ಆ ಮಳೆಯಲ್ಲೇ ಅಪ್ಪ ಒಂದು ದಿನ ನಮ್ಮ ಜನರ ಸಂಘದ ಸುದ್ದಿ ತಂದರು. ನಮ್ಮ ಭಾಗದಿಂದ ಒಬ್ಬರನ್ನು, ಒಬ್ಬರನ್ನೇ, ಪರೀಕ್ಷೆ ಮಾಡಿ ಆರಿಸಿ, ಹಾಸ್ಟೆಲಿನಲ್ಲಿಟ್ಟು ಡಾಕ್ಟರ್ ಸೀಟಿಗೆ ಕೋಚಿಂಗ್ ಕೊಡಿಸುತ್ತಾರಂತೆ. ಅಪ್ಪ ಅವೆನ್ಯೂ ರಸ್ತೆಗೆ ಹೋಗಿ ಹಳೇ ಗೈಡುಗಳ ಒಂದು ಮೂಟೆಯನ್ನೇ ಹೊತ್ತು ತಂದರು. ಮಳೆಗೆ ನೆನೆಯದಿರಲಿ ಅಂತ ತಮ್ಮ ರೈನ್‌ಕೋಟು ಬಿಚ್ಚಿ ಅದಕ್ಕೆ ಸುತ್ತಿ, ತಾವು ತೊಯ್ದು ತೊಪ್ಪೆಯಾಗಿ ಬಂದಿದ್ದರು. ನಮ್ಮ ಮನೆಯಲ್ಲಿ ಇದ್ದದ್ದು ಗುಂಡಿ ಒತ್ತುವ ಫೋನು. ಆ ಗೈಡುಗಳು ಬಿಟ್ಟರೆ ನನಗೆ ಬೇರೆ ಆಸರೆ ಇರಲಿಲ್ಲ. ಭೌತಶಾಸ್ತ್ರದ ಗೈಡಿನಲ್ಲಿ ಓದಿ ನಿಲ್ಲಿಸಿದ ಕಡೆ ಅಮ್ಮನ ಹೊಲಿಗೆ ಡಬ್ಬಿಯ ಕೆಂಪು ದಾರ ಇಡುತ್ತಿದ್ದೆ.

ಸಂಘದ ಪರೀಕ್ಷೆ ವಿಜಯದಶಮಿಯ ಬೆಳಿಗ್ಗೆ. ಆ ದಿನ ಬರೆದವರಿಗೆ ಸೋಲೇ ಇಲ್ಲ ಎನ್ನುವುದು ಹಿರಿಯರ ನಂಬಿಕೆ. ಎಲ್ಲರೂ ಗೆದ್ದರೆ ಇರುವ ಒಂದು ಸೀಟು ಯಾರಿಗೆ ಎಂದು ಯಾರೂ ಕೇಳಲಿಲ್ಲ. ಸಿಂಚನಾಳೂ ಬರೆಯುತ್ತಾಳೆ ಅಂತ ಆಮೇಲೆ ಗೊತ್ತಾಯಿತು. ಕೋಚಿಂಗ್ ಸೇರಲು ಅವರಿಗೆ ಯಾವ ಸಂಘದ ದಯೆಯೂ ಬೇಕಿರಲಿಲ್ಲ. ಬೇಕಿದ್ದದ್ದು ಸಮಾರಂಭದ ಶಾಲು, ವೇದಿಕೆ ಮೇಲಿನ ಫೋಟೊ, ನಾನು ಕೆಳಗೆ ಕೂತು ಚಪ್ಪಾಳೆ ತಟ್ಟುವುದು.

ನಮ್ಮ ಮನೆತನದಲ್ಲಿ ಒಂದು ಕಟ್ಟುನಿಟ್ಟು ಇದೆ. ನವರಾತ್ರಿಯ ಮೂಲಾ ನಕ್ಷತ್ರದ ದಿನ ಮಕ್ಕಳ ಪುಸ್ತಕಗಳನ್ನೆಲ್ಲ ಕಲಶದ ಮುಂದೆ ಜೋಡಿಸಿ ಸರಸ್ವತಿಯನ್ನು ಕೂರಿಸುತ್ತಾರೆ. ಒಮ್ಮೆ ಕೂರಿಸಿದರೆ ಮುಗಿಯಿತು, ದಶಮಿಯ ಸಂಜೆ ಪೂಜೆ ಮಾಡಿ ಕದಲಿಸುವವರೆಗೆ ಆ ಪುಸ್ತಕ ಮುಟ್ಟುವ ಹಾಗಿಲ್ಲ, ಓದುವ ಹಾಗಿಲ್ಲ. ಮುಟ್ಟಿದರೆ ಕೂತ ತಾಯಿಯನ್ನು ಎಬ್ಬಿಸಿದ ಹಾಗೆ ಎನ್ನುತ್ತಿದ್ದರು ಅಜ್ಜಿ. ಚಿಕ್ಕವರಿದ್ದಾಗ ನಮಗೆ ಅದಕ್ಕಿಂತ ಒಳ್ಳೆಯ ದೇವರೇ ಇರಲಿಲ್ಲ. ಓದದಿರುವುದೇ ಭಕ್ತಿ ಅಂದರೆ ಯಾವ ಮಗು ಬೇಡ ಅನ್ನುತ್ತದೆ?

ಆ ವರ್ಷ ನಾನು ಒಂದೆರಡು ನೋಟ್ಸು ಕೊಟ್ಟು ಸುಮ್ಮನಾಗಬೇಕೆಂದಿದ್ದೆ. ಆದರೆ ಹಿಂದಿನ ದಿನ ಚಿಕ್ಕಮ್ಮ ತಾವೇ ಕಾರಿನಲ್ಲಿ ನಮ್ಮ ಮನೆಗೆ ಬಂದರು. ನನ್ನ ಗಲ್ಲ ಸವರಿ, "ಎಲ್ಲಾ ಪುಸ್ತಕನೂ ಕೊಡು ಬಂಗಾರಿ. ದಶಮಿ ದಿನಾನೇ ಪರೀಕ್ಷೆ ಅಲ್ವಾ, ತಾಯಿ ಪಾದದಲ್ಲಿ ಇದ್ದು ಬರ್ಲಿ. ಒಂದು ಬಿಟ್ರೂ ಆ ವಿಷಯ ಕೈಕೊಡುತ್ತೆ ನೋಡು" ಎಂದರು. ಅಮ್ಮನಿಗೆ ಕಣ್ಣಲ್ಲಿ ನೀರು. ವಾರಗಿತ್ತಿ ನನ್ನ ಮಗಳ ಮೇಲೆ ಇಷ್ಟು ಅಕ್ಕರೆ ಇಟ್ಟಿದ್ದಾಳಲ್ಲ ಅಂತ. ಗೈಡುಗಳ ಮೂಟೆಯನ್ನು ಅಪ್ಪನೇ ಕಾರಿನ ಡಿಕ್ಕಿಗೆ ಇಟ್ಟರು.

ಪೂಜೆಯ ಮಾರನೇ ಸಂಜೆ ಮಂಗಳಾರತಿಗೆ ಸಿಂಗಾಪುರಕ್ಕೆ ಹೋದೆವು. ದೇವರಮನೆಯಲ್ಲಿ ಪುಸ್ತಕಗಳ ಗೋಪುರ, ಅದರ ಮೇಲೆ ಸೇವಂತಿಗೆ ರಾಶಿ. ನೋಡುತ್ತ ನಿಂತವಳಿಗೆ ಏನೋ ಸರಿಯಿಲ್ಲ ಅನ್ನಿಸಿತು. ಸಿಂಚನಾಳ ಹೆಸರಿದ್ದವೆಲ್ಲ ಹತ್ತನೇ ಕ್ಲಾಸಿನ ಹಳೇ ಪುಸ್ತಕಗಳು, ಹೊಸ ಬೈಂಡು ಹಾಕಿ ಇಟ್ಟಿದ್ದರು. ಅಷ್ಟರಲ್ಲಿ ಅಜ್ಜಿ, "ಆರ್ತಿ ಒತ್ತಾಯ್ತು, ಸಿಂಚನಾನ ಕರ್ಕಂಡ್ ಬಾ ಓಗು" ಎಂದರು. ಮೇಲೆ ಹೋದೆ. ಅವಳ ಕೋಣೆಯ ಬಾಗಿಲು ಅರೆ ತೆರೆದಿತ್ತು. ಮೇಜಿನ ಮೇಲೆ ದೀಪದ ಕೆಳಗೆ ನನ್ನ ಭೌತಶಾಸ್ತ್ರದ ಗೈಡು. ರಟ್ಟಿನ ಮೇಲೆ ಪೂಜೆಯ ಕುಂಕುಮ ಹಾಗೇ ಇತ್ತು. ಕೆಂಪು ದಾರ ನಾನಿಟ್ಟ ಪುಟದಿಂದ ಎಷ್ಟೋ ಮುಂದೆ ಹೋಗಿತ್ತು.

"ಅದು ನಂದು" ಎಂದೆ.

ಸಿಂಚನಾ ನನ್ನನ್ನು ನೋಡಿದಳು, ಪುಸ್ತಕವನ್ನು ನೋಡಿದಳು. ಎದ್ದು ಬಂದು ಬಾಗಿಲು ಹಾಕಿಕೊಂಡಳು. ಒಳಗಿಂದ ಚಿಲಕ ಬಿದ್ದ ಸದ್ದು ಕೇಳಿಸಿತು.

ಕೆಳಗಿಳಿದು ಬಂದು ಎಲ್ಲರ ಮುಂದೆ ಕೇಳಿದೆ, "ಚಿಕ್ಕಮ್ಮ, ನನ್ನ ಪುಸ್ತಕ ಕೊಡಿ. ನಾನೂ ಓದ್ಬೇಕು. ಸಿಂಚನಾ ಮೇಲೆ ನನ್ನ ಗೈಡೇ ಓದ್ತಿದಾಳೆ."

ಚಿಕ್ಕಮ್ಮ ನಕ್ಕರು. "ಅವಳದ್ದೂ ಅದೇ ಗೈಡು ಕಣಮ್ಮ, ಅಂಗಡೀಲಿ ಒಂದೇ ಇರುತ್ತಾ?" ಎಂದು, ಅಜ್ಜಿಯ ಕಡೆ ತಿರುಗಿ ದನಿ ಏರಿಸಿದರು. "ನೋಡಿ ಅತ್ತೆ, ಕದಲಿಸೋಕ್ ಮುಂಚೆ ಪುಸ್ತಕ ಎತ್ಕೊಡಿ ಅಂತಾಳೆ ನಿಮ್ಮ ಮೊಮ್ಮಗಳು."

ಅಜ್ಜಿಗೆ ಮೆಟ್ಟಿಲು ಹತ್ತಲು ಆಗುತ್ತಿರಲಿಲ್ಲ. ಹತ್ತಲು ಆಗಿದ್ದರೆ ಈ ಕತೆ ಅಲ್ಲೇ ಮುಗಿಯುತ್ತಿತ್ತು. ಅವರು ಕೆನ್ನೆ ಬಡಿದುಕೊಂಡು, "ಕುಂತಿರೋ ತಾಯ್ನ ಎಬ್ಬುಸ್ತೀಯಾ? ಇಂಗೆಲ್ಲ ಬಾಯಲ್ಲಿ ಅನ್ಬಾರ್ದು ಕೂಸೆ" ಎಂದು ಗದರಿದರು. ನಾನು ಅಪ್ಪನ ಮುಖ ನೋಡಿದೆ. ಅಪ್ಪ ಚಿಕ್ಕಪ್ಪನ ಮುಖ ನೋಡಿದರು. ಮಾರನೇ ದಿನ ಬೆಳಗಾದರೆ ಅದೇ ಚಿಕ್ಕಪ್ಪನ ಸೈಟಿಗೆ ಹೋಗಬೇಕಾದ ಮನುಷ್ಯ. ನನ್ನ ಭುಜ ಹಿಡಿದು, "ಬಾರವ್ವ, ಹೋಗೋಣ" ಎಂದರು.

ಬಾಗಿಲವರೆಗೆ ಬಂದ ಚಿಕ್ಕಮ್ಮ ನನ್ನ ಕೈಗೆ ಕೋಸಂಬರಿಯ ದೊನ್ನೆ ಇಟ್ಟು, ಪ್ರೀತಿಯಿಂದಲೇ ಹೇಳಿದರು. "ಪುಸ್ತಕ ಯಾಕೆ ಬಂಗಾರಿ? ಮಂತ್ರ ಹೇಳ್ಕೋ. ಓಂ ಐಂ ಸರಸ್ವತ್ಯೈ ನಮಃ. ತಾಯಿ ಒಲಿದ್ರೆ ಓದೋದೇ ಬೇಡ."

ಕೋಸಂಬರಿಯನ್ನು ಗೇಟಿನ ಹೊರಗೆ ನಾಯಿಗೆ ಹಾಕಿದೆ. ಮಂತ್ರವನ್ನು ಮಾತ್ರ ಇಟ್ಟುಕೊಂಡೆ.

ಅಂದಿನಿಂದ ಪರೀಕ್ಷೆಯವರೆಗೆ ನಮ್ಮ ತಾರಸಿಯ ಮೇಲೆ ನೀರಿನ ಟ್ಯಾಂಕಿಗೆ ಒರಗಿ ಕೂತು ಬೆರಳ ಗೆಣ್ಣು ಎಣಿಸುತ್ತ ಅದೇ ಮಂತ್ರ ಹೇಳಿದೆ. ತಲೆಯ ಮೇಲೆ ಏರ್‌ಪೋರ್ಟಿಗೆ ಇಳಿಯುವ ವಿಮಾನಗಳು, ಕೆಳಗೆ ಆಯುಧಪೂಜೆಗೆ ಬೂದುಗುಂಬಳ ಮಾರುವವರ ಕೂಗು. ಜಪಕ್ಕೆ ಮೊದಲು ಯಾವುದಕ್ಕಾಗಿ ಅಂತ ಸಂಕಲ್ಪ ಮಾಡಬೇಕಂತೆ. ವಿದ್ಯೆ, ಬುದ್ಧಿ, ಜಯ, ಹೀಗೆ ಏನಾದರೂ ಒಳ್ಳೆಯದು. ನಾನು ಮಾಡಿದ ಸಂಕಲ್ಪದಲ್ಲಿ ಚಿಕ್ಕಮ್ಮನ ಹೆಸರೊಂದೇ ಇತ್ತು. ಒಂದೊಂದು ಸುತ್ತು ಮುಗಿದಾಗಲೂ ಅವರ ಬಿಳಿ ಕಲ್ಲಿನ ದೇವರಮನೆ, ಅವರ ನಗು, ಆ "ಬಂಗಾರಿ" ಎದುರಿಗೆ ಬಂದು ನಿಲ್ಲುತ್ತಿತ್ತು. ಹಲ್ಲು ಕಚ್ಚಿಕೊಂಡು ಮತ್ತೊಂದು ಸುತ್ತು ಶುರು ಮಾಡುತ್ತಿದ್ದೆ.

ಒಣಗಿದ ಬಟ್ಟೆ ತೆಗೆಯಲು ಬಂದ ಅಮ್ಮ ಸ್ವಲ್ಪ ಹೊತ್ತು ಕೇಳಿಸಿಕೊಂಡು, "ಏನೇ, ಮಂತ್ರ ಹೇಳ್ತಿದೀಯೋ, ಬೈತಿದೀಯೋ?" ಎಂದರು.

"ಎರಡೂ" ಎಂದೆ.

ದಶಮಿಯ ಬೆಳಿಗ್ಗೆ ಪರೀಕ್ಷೆ ಬರೆದೆ. ಓದಿದ್ದಷ್ಟನ್ನು ಬರೆದೆ, ಓದಬೇಕೆಂದಿದ್ದ ಪುಟಗಳಿಂದ ಬಂದ ಪ್ರಶ್ನೆಗಳನ್ನು ಬಿಟ್ಟೆ. ಕೆಂಪು ದಾರದ ಆಚೆಗಿನವು ಅವು. ನನ್ನ ಮುಂದಿನ ಬೆಂಚಿನಲ್ಲಿ ಸಿಂಚನಾ ತಲೆಯೆತ್ತದೆ ಬರೆಯುತ್ತಿದ್ದಳು. ಸೀಟು ಅವಳಿಗೇ ಆಯಿತು. ಸಂಘದ ಸಮಾರಂಭದಲ್ಲಿ ಶಾಲು ಹೊದಿಸಿದರು, ನಾವೆಲ್ಲ ಕೆಳಗೆ ಕೂತಿದ್ದೆವು. ಅಪ್ಪ ಚಪ್ಪಾಳೆ ತಟ್ಟಿದರು. ನಾನು ಸೆರಗಿನ ಹಾಗೆ ಸುತ್ತಿಕೊಂಡಿದ್ದ ದುಪಟ್ಟಾದೊಳಗೆ ಕೈ ಇಟ್ಟುಕೊಂಡೆ. ಊಟದ ಪಂಕ್ತಿಯಲ್ಲಿ ಚಿಕ್ಕಮ್ಮ ನನ್ನ ಪಕ್ಕ ಬಗ್ಗಿ, "ನೀನೂ ಮಂತ್ರ ಹೇಳಿದ್ದೆ ಅಲ್ವಾ? ನಂಬಿಕೆ ಸಾಲಲಿಲ್ವೇನೋ, ಪಾಪ" ಎಂದರು.

ಪುಸ್ತಕ ಕಿತ್ತುಕೊಂಡದ್ದನ್ನು ಯಾವತ್ತಾದರೂ ಮರೆಯುತ್ತಿದ್ದೆನೋ ಏನೋ. ಈ ಮಾತನ್ನು ಮರೆಯಲಾಗಲಿಲ್ಲ. ಅಂದು ಹೋಳಿಗೆಯ ಎಲೆ ಬಿಟ್ಟು ಎದ್ದವಳು ಮನಸ್ಸಿನಲ್ಲೇ ಅಂದುಕೊಂಡೆ: ನಿಮ್ಮ ಮಾತನ್ನೇ ನಿಮ್ಮ ಬಾಯಿಗೆ ವಾಪಸು ಇಡದಿದ್ದರೆ ನಾನು ನಮ್ಮಪ್ಪನ ಮಗಳಲ್ಲ.

ದಶಮಿ ಕಳೆದು ಗೈಡುಗಳು ವಾಪಸು ಬಂದವು, ಮಳೆ ನಿಂತು ಚಳಿ ಬಂತು. ಯಲಹಂಕದ ಬೆಳಗಿನ ಮಂಜಿನಲ್ಲಿ ಎದುರಿನ ಬಸ್ಸೂ ಕಾಣುತ್ತಿರಲಿಲ್ಲ. ಅವರೆಕಾಯಿ ಕಾಲದಲ್ಲಿ ಅಮ್ಮ ಸೊಗಡಿನ ಕಾಯಿ ರಾಶಿ ಹಾಕಿಕೊಂಡು ಬಿಡಿಸುವಾಗ ನಾನು ಎದುರಿಗೆ ಕೂತು ಪಾಠ ಒಪ್ಪಿಸುತ್ತಿದ್ದೆ. ಅಮ್ಮನಿಗೆ ಒಂದಕ್ಷರ ಅರ್ಥವಾಗುತ್ತಿರಲಿಲ್ಲ, ಆದರೆ ನಾನು ತಡವರಿಸಿದರೆ ಕಾಯಿ ಬಿಡಿಸುವ ಕೈ ನಿಲ್ಲಿಸಿ ಮುಖ ನೋಡುತ್ತಿದ್ದರು, ಅಷ್ಟು ಸಾಕಿತ್ತು. ಕತ್ತಲಿರುವಾಗಲೇ ಎದ್ದು ತಾರಸಿಗೆ ಹೋಗಿ ಮಂತ್ರ ಹೇಳುವುದು ಒಂದು ದಿನವೂ ತಪ್ಪಲಿಲ್ಲ. ಭಕ್ತಿ ಆಗಿದ್ದರೆ ಚಳಿಗೆ ಒಂದೆರಡು ದಿನ ಮಲಗಿಬಿಡುತ್ತಿದ್ದೆ. ಹಗೆಗೆ ಚಳಿಯಿಲ್ಲ. ದ್ವೇಷದಿಂದ ಜಪಿಸಿದ ಮಂತ್ರ ಫಲಿಸುವುದಿಲ್ಲ ಎಂದು ತಿಳಿದವರು ಹೇಳುತ್ತಾರೆ. ನನ್ನ ಅನುಭವ ಬೇರೆ. ಸರಸ್ವತಿಗೆ ನನ್ನ ಸಿಟ್ಟಿನ ಬಗ್ಗೆ ಯಾವ ತಕರಾರೂ ಇದ್ದ ಹಾಗೆ ಕಾಣಲಿಲ್ಲ. ಅಷ್ಟು ಸಲ ಅವಳ ಹೆಸರು ಹೇಳಿ ಮುಗಿಸುವ ಹೊತ್ತಿಗೆ ತಲೆ ತಣ್ಣಗಾಗಿ, ಓದಿದ್ದು ಕಲ್ಲಿನಲ್ಲಿ ಕೊರೆದ ಹಾಗೆ ನಿಲ್ಲುತ್ತಿತ್ತು.

ಬೇಸಿಗೆಯ ಫಲಿತಾಂಶದಲ್ಲಿ ಸಿಂಚನಾಗೆ ಡಾಕ್ಟರ್ ಸೀಟು ಸಿಗಲಿಲ್ಲ. ನನಗೂ ಸಿಗಲಿಲ್ಲ, ಆದರೆ ಪಶುವೈದ್ಯದ ಸೀಟು ಸಿಕ್ಕಿತು. "ದನದ ಡಾಕ್ಟ್ರಾ? ಅದೂ ಒಂದು ಕೆಲಸವೇ ಬಿಡಿ" ಎಂದರಂತೆ ಚಿಕ್ಕಮ್ಮ. ಅಮ್ಮ ಆ ಮಾತು ತಂದು ಹೇಳಿದಾಗ ನಾನು ಅದನ್ನೂ ಹಳೆಯದರ ಪಕ್ಕ ಜೋಡಿಸಿಟ್ಟೆ. ನಾನು ಓದಿ, ಕೆಲಸಕ್ಕೆ ಸೇರಿ, ಮೊದಲ ಸಂಬಳ ಬಂದ ತಿಂಗಳು ಅಪ್ಪನಿಗೆ ಚಿಕ್ಕಪ್ಪನ ಸೈಟಿನ ಕೆಲಸ ಬಿಡಿಸಿದೆ.

ಇಷ್ಟಾದ ಮೇಲೆ ಈ ದಸರಾದ ಕರೆ.

ಸಿಂಗಾಪುರದ ಮನೆಯಲ್ಲಿ ಏನೂ ಬದಲಾಗಿರಲಿಲ್ಲ, ಅಜ್ಜಿಯ ಮಂಚ ಒಂದು ಬಿಟ್ಟು. ತೊಂಬತ್ತು ದಾಟಿರಬೇಕು ಅವರಿಗೆ. ಕಿವಿ ಮಂದ, ಕಣ್ಣು ಚುರುಕು. ದೇವರ ಮುಖ ಕಾಣದೆ ನಿದ್ದೆ ಬರುವುದಿಲ್ಲ ಅಂತ ಹಟ ಹಿಡಿದು ಮಂಚವನ್ನು ದೇವರಮನೆಯ ಬಾಗಿಲಿಗೇ ಹಾಕಿಸಿಕೊಂಡಿದ್ದರು. ಚಿಕ್ಕಮ್ಮ ಬಂದವರಿಗೆಲ್ಲ ನನ್ನನ್ನು ತೋರಿಸಿ, "ನಮ್ಮ ಡಾಕ್ಟ್ರು" ಎನ್ನುತ್ತಿದ್ದರು. ದನದ ಸುದ್ದಿ ಎತ್ತಲಿಲ್ಲ. ಸಿಂಚನಾ ಸೊರಗಿದ್ದಳು. ಮಗು ಹುಟ್ಟಿದ ಮೇಲೆ ಮನೆಯಲ್ಲೇ ಇದ್ದವಳು ಈಗ ಏರ್‌ಪೋರ್ಟ್ ರಸ್ತೆಯ ಒಂದು ದೊಡ್ಡ ಶಾಲೆಯಲ್ಲಿ ಟೀಚರ್ ಆಗಲು ಹೊರಟಿದ್ದಳು. ಮಾರನೇ ಬೆಳಿಗ್ಗೆ ಆನ್‌ಲೈನಿನಲ್ಲಿ ಪಾಠ ಮಾಡಿ ತೋರಿಸಬೇಕಂತೆ, ತಯಾರಿಯೆಲ್ಲ ಲ್ಯಾಪ್‌ಟಾಪಿನಲ್ಲೇ ಇದೆಯಂತೆ. ಇದನ್ನೂ ಚಿಕ್ಕಮ್ಮನೇ ಹೆಮ್ಮೆಯಿಂದ ಹೇಳಿದರು.

ಮಗುವಿನ ಹೆಸರು ಅನ್ವಿ. ನನ್ನ ತೊಡೆಯ ಮೇಲೆ ಕೂರಿಸಿದರು. ತಟ್ಟೆಯ ಅಕ್ಕಿಯ ಮೇಲೆ ಅರಿಶಿನದ ಕೊಂಬು ಹಿಡಿಸಿ ಅವಳ ಕೈಯಲ್ಲಿ ಓಂ ಬರೆಸಿದೆ. ಕಿವಿಯಲ್ಲಿ ಮಂತ್ರ ಹೇಳಿದೆ. ಮಗು ಕಚಗುಳಿಯಾಗಿ ನಕ್ಕು, ತೊದಲುತ್ತ ನನ್ನ ಹಿಂದೆ ಹೇಳಿತು. ಅವಳಿಗೆ ಹೇಳಿಕೊಟ್ಟದ್ದರಲ್ಲಿ ಒಂದು ಹನಿ ವಿಷವೂ ಇರಲಿಲ್ಲ. ಅದನ್ನು ಬೇರೆಯವರಿಗೆ ಎತ್ತಿಟ್ಟಿದ್ದೆ.

ತಟ್ಟೆಯನ್ನು ದೇವರ ಮುಂದೆ ಇಟ್ಟು, ಎಲ್ಲರಿಗೂ ಕೇಳುವ ಹಾಗೆ ಹೇಳಿದೆ. "ಮಗಳದ್ದಾಯ್ತು, ತಾಯಿದೂ ಇಡೋಣ. ಸಿಂಚನಾ, ನಿನ್ನ ಪುಸ್ತಕ, ಲ್ಯಾಪ್‌ಟಾಪು ಎಲ್ಲಾ ತಾ. ನಾಳೆ ಪರೀಕ್ಷೆ ಅಲ್ವಾ, ತಾಯಿ ಪಾದದಲ್ಲಿರ್ಲಿ. ಒಂದು ಬಿಟ್ರೂ ಆ ವಿಷಯ ಕೈಕೊಡುತ್ತೆ."

ಸಿಂಚನಾಳ ಮುಖದ ಬಣ್ಣ ಹೋಯಿತು. ಅವಳಿಗೆ ನೆನಪಿತ್ತು. ಚಿಕ್ಕಮ್ಮನಿಗೆ ಇನ್ನೂ ಇರಲಿಲ್ಲ, ನಗುತ್ತಲೇ ಇದ್ದರು. ನೆಂಟರೆಲ್ಲ "ಹೌದು ಹೌದು, ಇಡಮ್ಮ" ಎಂದರು. ವಿಡಿಯೊದವನು ಕ್ಯಾಮೆರಾ ತಿರುಗಿಸಿದ. ಸಿಂಚನಾ ಮೇಲೆ ಹೋಗಿ ತಂದಳು, ನನ್ನ ಕೈಗೇ ಕೊಟ್ಟಳು. ಲ್ಯಾಪ್‌ಟಾಪಿಗೆ ಅರಿಶಿನ ಕುಂಕುಮ ಇಟ್ಟು, ಮೇಲೆ ಸೇವಂತಿಗೆ ಇಟ್ಟು, ಕಲಶದ ಮುಂದೆ ಕೂರಿಸಿದೆ. ಮಂಚದಿಂದ ಅಜ್ಜಿ ಕೈಮುಗಿದು, "ಇನ್ನ ದಸ್ಮಿಗಂಟ ಯಾರೂ ಮುಟ್ಟಂಗಿಲ್ಲ" ಎಂದರು.

ಆಗ ಚಿಕ್ಕಮ್ಮನ ನಗು ನಿಂತಿತು.

ಊಟ ಮುಗಿದು ನಾನು ಚಪ್ಪಲಿ ಮೆಟ್ಟುವಾಗ ಅವರು ಹಿಂದೆಯೇ ಬಂದರು. "ಭವ್ಯ, ಅದೂ... ಸಿಂಚನಾಗೆ ಬೆಳಿಗ್ಗೆ ಬೇಕಲ್ವಾ. ಅತ್ತೆ ಮಂಚ ಬಿಟ್ಟು ಏಳಲ್ಲ. ನೀನು ಹೇಳಿದ್ರೆ ಕೇಳ್ತಾರೆ. ಡಾಕ್ಟ್ರು ಮಾತು ಅಂದ್ರೆ ಅವರಿಗೆ ವೇದವಾಕ್ಯ."

"ಕದಲಿಸೋಕ್ ಮುಂಚೆ ಎತ್ಬಹುದಾ ಚಿಕ್ಕಮ್ಮ?"

"ಎತ್ತಿದ್ರೆ ಏನೂ ಆಗಲ್ಲ ಕಣಮ್ಮ. ತಾಯಿ ಅಷ್ಟೆಲ್ಲಾ ನೋಡ್ತಾಳಾ?"

"ಅಜ್ಜಿಗೆ ಕಿವಿ ಕೇಳಲ್ಲ. ಸ್ವಲ್ಪ ಜೋರಾಗಿ ಹೇಳಿ" ಎಂದೆ.

ಅವರು ನನ್ನ ಮುಖ ನೋಡಿದರು. ಏನು ನಡೆಯುತ್ತಿದೆ ಎನ್ನುವುದು ಅವರಿಗೆ ಹೊಳೆದದ್ದು ಆ ಗಳಿಗೆಯಲ್ಲೇ. ಆದರೂ ಮಗಳ ಕೆಲಸದ ಪ್ರಶ್ನೆ. ನೆಂಟರೆಲ್ಲ ಇನ್ನೂ ಹಾಲಿನಲ್ಲಿ ಎಲೆ ಅಡಿಕೆ ಹಾಕುತ್ತ ಕೂತಿದ್ದರು. ಅವರೆಲ್ಲರ ಮುಂದೆ, ಅತ್ತೆಯ ಮಂಚದ ಕಡೆ ತಿರುಗಿ, "ಎತ್ತಿದ್ರೆ ಏನೂ ಆಗಲ್ಲ ಅತ್ತೆ" ಎಂದು ಕೂಗಿದರು. ಅಜ್ಜಿ ಕೇಳಿಸಿಕೊಂಡರು. ಸೊಸೆಯ ಕಡೆ ನೋಡಿ, "ನಿನ್ ಬಾಯಾಗೆ ಈ ಮಾತು ಬತ್ತದಾ?" ಎಂದು, ಗೋಡೆ ಕಡೆ ತಿರುಗಿ ಮಲಗಿದರು.

ಚಿಕ್ಕಮ್ಮ ನನ್ನ ಕೈ ಹಿಡಿದುಕೊಂಡರು. ನಾನು ಮೆಲ್ಲಗೆ ಬಿಡಿಸಿಕೊಂಡು, ಪ್ರೀತಿಯಿಂದಲೇ ಹೇಳಿದೆ.

"ಲ್ಯಾಪ್‌ಟಾಪ್ ಯಾಕೆ ಚಿಕ್ಕಮ್ಮ? ಮಂತ್ರ ಹೇಳ್ಕೊಳ್ಳಲಿ."

ಇಷ್ಟು ಮಾಡಿ ನೆಮ್ಮದಿ ಸಿಕ್ಕಿತಾ ಎಂದು ಯಾರಾದರೂ ಕೇಳಿದರೆ, ಸಿಕ್ಕಿತು. ಸ್ಕೂಟರಿನಲ್ಲಿ ಕೊಡಿಗೇಹಳ್ಳಿ ತಲುಪುವವರೆಗೂ ಹಾಡು ಗುನುಗುತ್ತ ಬಂದೆ. ಅಮ್ಮ ಬಾಗಿಲಲ್ಲೇ ಕಾಯುತ್ತಿದ್ದರು.

"ಮಗೂಗೆ ಮಂತ್ರ ಹೇಳ್ಕೊಟ್ಯಾ?"

"ಮಗೂಗೂ ಹೇಳ್ಕೊಟ್ಟೆ, ಮಗೂನ ಅಜ್ಜಿಗೂ ಹೇಳ್ಕೊಟ್ಟೆ" ಎಂದು ಕೈಕಾಲು ತೊಳೆಯಲು ಹೋದೆ.